ಇಬ್ಬರು ಮಕ್ಕಳು, ಇಬ್ಬರದೂ ಬೇರೆ ಸ್ವಭಾವ: ಯೆಹೂದಿ ವ್ಯಾಖ್ಯಾನಗಳಲ್ಲಿ ನಿಮಗೆ ಸಿಕ್ಕಿದ್ದೇನು?

ಕೇಳಿದವರು: ನ್ಯೂಜೆರ್ಸಿಯಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಪುಸ್ತಕ ಹಿಡಿದರೆ ಅವನಿಗೆ ಊಟದ ನೆನಪೂ ಇರುವುದಿಲ್ಲ. ಚಿಕ್ಕವನಿಗೆ ಹತ್ತು ನಿಮಿಷ ಒಂದು ಕಡೆ ಕೂರುವುದೇ ಕಷ್ಟ. ಊರಿಂದ ಫೋನ್ ಬಂದಾಗಲೆಲ್ಲ "ಅಣ್ಣನ್ನ ನೋಡಿ ಕಲಿ" ಅನ್ನುವ ಮಾತು ಇದ್ದೇ ಇರುತ್ತದೆ. ನಮ್ಮ ಪಕ್ಕದ ಮನೆಯವರು ಯೆಹೂದಿಗಳು. ಶುಕ್ರವಾರ ಸಂಜೆ ಊಟಕ್ಕೆ ಕೂರುವ ಮೊದಲು ಅಪ್ಪ ಅಮ್ಮ ಒಂದೊಂದೇ ಮಗುವಿನ ತಲೆ ಮೇಲೆ ಕೈಯಿಟ್ಟು ಹರಸುತ್ತಾರೆ. ನೋಡಿ ನನಗೆ ಮನಸ್ಸು ತುಂಬಿ ಬಂತು. ಮಕ್ಕಳನ್ನು ಬೆಳೆಸುವ ಬಗ್ಗೆ ಅವರ ಶಾಸ್ತ್ರ, ವ್ಯಾಖ್ಯಾನಗಳಲ್ಲಿ ಬಹಳ ಇದೆಯಂತೆ. ಓದಿದವರು, ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಹೈಫಾದಿಂದ ಒಬ್ಬ ತಂದೆ

ಅಕ್ಕಾ, ನಿಮ್ಮ ಮನೆಗೆ ನೇರವಾಗಿ ಹೊಂದುವ ಕಥೆಯೇ ಇದೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 25ನೇ ಅಧ್ಯಾಯ. ಇಸಾಕ, ರೆಬೆಕ್ಕರಿಗೆ ಅವಳಿ ಮಕ್ಕಳು. ಏಸಾವ ಬೇಟೆಗಾರ, ಕಾಡುಮೇಡು ಅಲೆಯುವವನು. ಯಾಕೋಬ ಗುಡಾರದಲ್ಲೇ ಇರುವ ಸಾಧು ಹುಡುಗ. ಅಪ್ಪನಿಗೆ ಏಸಾವನ ಮೇಲೆ ಪ್ರೀತಿ, ಅಮ್ಮನಿಗೆ ಯಾಕೋಬನ ಮೇಲೆ. 11ನೇ ಶತಮಾನದಲ್ಲಿ ಫ್ರಾನ್ಸಿನ ಟ್ರ್ವಾ ಊರಿನಲ್ಲಿದ್ದ ರಾಶಿ ಎಂಬ ದೊಡ್ಡ ವ್ಯಾಖ್ಯಾನಕಾರರು ಇಲ್ಲಿ ಹೇಳುವುದು ಇಷ್ಟು: ಚಿಕ್ಕವರಿದ್ದಾಗ ಇಬ್ಬರ ಸ್ವಭಾವ ಬೇರೆ ಬೇರೆ ಎಂದು ಯಾರಿಗೂ ತಿಳಿಯಲಿಲ್ಲ, ಯಾರೂ ಗಮನಿಸಿ ನೋಡಲೂ ಇಲ್ಲ. ಹದಿಮೂರು ತುಂಬಿದ ಮೇಲೆ ಒಬ್ಬ ಓದಿನ ಕಡೆ ಹೋದ, ಇನ್ನೊಬ್ಬ ಮನೆಯ ಧರ್ಮವನ್ನೇ ಬಿಟ್ಟ.

ಅದೇ ವಚನವನ್ನು ಜರ್ಮನಿಯ ರಬ್ಬಿ (ಯೆಹೂದಿ ಧರ್ಮಗುರು) ಸ್ಯಾಮ್ಸನ್ ರಾಫೆಲ್ ಹಿರ್ಷ್ (1808–1888) ಓದಿದ ರೀತಿ ನನ್ನನ್ನು ತುಂಬ ಕಾಡಿತು. ಅವರು ಏಸಾವನನ್ನು ಬೈಯುವುದಿಲ್ಲ, ಅಪ್ಪ ಅಮ್ಮನನ್ನು ಪ್ರಶ್ನಿಸುತ್ತಾರೆ. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಒಂದೇ ಥರ ಕಲಿಸಿದ್ದೇ ತಪ್ಪು ಎನ್ನುತ್ತಾರೆ. ಏಸಾವನ ಕಸುವಿಗೆ, ಧೈರ್ಯಕ್ಕೆ ಅವನ ಅಜ್ಜ ಅಬ್ರಹಾಮನ ಮನೆತನದಲ್ಲಿ ಕೆಲಸ ಇರಲಿಲ್ಲ ಅಂತಲ್ಲ, ಅದನ್ನು ಆ ಕಡೆಗೆ ತಿರುಗಿಸುವವರು ಬೇಕಿತ್ತು. ಮಗುವನ್ನು ಅದರದೇ ದಾರಿಗೆ ತಕ್ಕಂತೆ ಬೆಳೆಸು ಎಂಬ, ಬೈಬಲಿನ ಜ್ಞಾನೋಕ್ತಿ ಪುಸ್ತಕದ ಮಾತು (22:6) ಹಿರ್ಷ್‌ಗೆ ಇಲ್ಲಿ ಆಧಾರ. ಸೇರಬೇಕಾದ ಊರು ಒಂದೇ, ಹೋಗುವ ದಾರಿ ಬೇರೆ. ತಮ್ಮ ಜನ ಇಷ್ಟೊಂದು ಪೂಜಿಸುವ ಹಿರಿಯರ ಬಗ್ಗೆಯೇ ಹೀಗೆ ಬರೆಯಲು ಎಂಥ ಎದೆ ಬೇಕು, ಅಲ್ವಾ?

ನನ್ನ ಮಗಳೂ ಕೂತು ಓದುವವಳಲ್ಲ. ಹೈಫಾ ಇಸ್ರೇಲಿನಲ್ಲಿ ಕಾರ್ಮೆಲ್ ಬೆಟ್ಟದ ಮೇಲಿನ ಊರು, ಎಲ್ಲಿ ನೋಡಿದರೂ ಮೆಟ್ಟಿಲುಗಳು. ಅವಳು ಮಗ್ಗಿ ಕಲಿತದ್ದು ಮೆಟ್ಟಿಲು ಹತ್ತುತ್ತ. ಮೆಟ್ಟಿಲಿಗೊಂದು ಲೆಕ್ಕ. ಅಣ್ಣ ಮನೆಯಲ್ಲೇ ಕೂತು ಕಲಿತ. ಇಬ್ಬರಿಗೂ ಮಗ್ಗಿ ಬಂತು.

ಇಸ್ರೇಲಿನ ರಾಮತ್ ಗಾನ್‌ನಿಂದ, ಊರು ಉಡುಪಿ ಕಡೆ

ನಾನು ಇಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಶಾಸ್ತ್ರ ಓದಿದವಳಲ್ಲ, ಕಂಡದ್ದನ್ನು ಹೇಳುತ್ತೇನೆ. ಪೆಸಾಹ್ ಹಬ್ಬದ ರಾತ್ರಿ ಇವರ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಎದ್ದು ನಾಲ್ಕು ಪ್ರಶ್ನೆ ಹಾಡುತ್ತದೆ. ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ ಎಂದು. ಇಡೀ ಮನೆ ಅದಕ್ಕೆ ಉತ್ತರ ಹೇಳಬೇಕು. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದ ಕಥೆ ಶುರುವಾಗುವುದೇ ಹೀಗೆ.

ಆ ರಾತ್ರಿ ಓದುವ ಹಗ್ಗಾದಾದಲ್ಲಿ ನಾಲ್ಕು ಥರದ ಮಕ್ಕಳ ಮಾತಿದೆ. ಒಬ್ಬ ಜಾಣ, ಒಬ್ಬ ಕೆಟ್ಟವನು, ಒಬ್ಬ ಮುಗ್ಧ, ಇನ್ನೊಬ್ಬನಿಗೆ ಕೇಳುವುದಕ್ಕೇ ತಿಳಿಯುವುದಿಲ್ಲ. ನಾಲ್ವರಿಗೂ ಬೇರೆ ಬೇರೆ ಉತ್ತರ. ಕೆಟ್ಟವನಿಗೆ ಕೊಡುವ ಉತ್ತರ ಖಾರವಾಗಿಯೇ ಇದೆ. ಆದರೂ ಪಂಕ್ತಿಯಲ್ಲಿ ಅವನಿಗೂ ಎಲೆ ಇದೆ, ಎಬ್ಬಿಸಿ ಕಳಿಸುವುದಿಲ್ಲ. ಕೇಳಲು ತಿಳಿಯದವನಿಗೆ ನೀನೇ ಮಾತು ಶುರು ಮಾಡಿಕೊಡು ಎಂದಿದೆ. ನನಗೆ ಇದು ಬಹಳ ಇಷ್ಟ. ಸುಮ್ನೆ ಕೂತ ಮಗು ಒಳ್ಳೆ ಮಗು ಅಂತ ನಾವು ಬಿಟ್ಟುಬಿಡುತ್ತೇವಲ್ಲ, ಹಾಗೆ ಬಿಡಬಾರದು.

ಇನ್ನೊಂದು. ಊಟದ ನಡುವೆ ಬಚ್ಚಿಟ್ಟ ರೊಟ್ಟಿ ಚೂರನ್ನು ಹುಡುಕಿ ತಂದ ಮಗುವಿಗೆ ಉಡುಗೊರೆ ಕೊಡುತ್ತೇನೆ ಎನ್ನುತ್ತಾರೆ. ಹಬ್ಬ ಕಳೆದ ಕೂಡಲೇ ಅಜ್ಜಿಯ ಮಗ ಅಂಗಡಿಗೆ ಹೋಗಿ ತಂದುಕೊಟ್ಟರು. ಮಗುವಿಗೆ ಕೊಡುತ್ತೇನೆ ಎಂದು ಕೊಡದಿದ್ದರೆ ಸುಳ್ಳು ಹೇಳುವುದನ್ನು ಕಲಿಸಿದ ಹಾಗೆ, ಯೆಹೂದಿಗಳ ಹಳೆಯ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ರಬ್ಬಿ ಜೇರಾ ಹೇಳಿದ್ದಾರೆ ಎಂದರು ಅಜ್ಜಿ.

ಧಾರವಾಡದಿಂದ ನಿವೃತ್ತ ಶಿಕ್ಷಕರು

ತಂಗಿ, ಮೇಲಿನದೆಲ್ಲ ಓದಿ ಮಕ್ಕಳನ್ನು ಪೂರ್ತಿ ಅವರ ಪಾಡಿಗೆ ಬಿಡಬೇಕು ಎಂದು ತಿಳಿಯಬೇಡಿ. ದಾವೀದ ರಾಜನ ಮಗ ಅದೋನೀಯ ತಾನೇ ರಾಜನಾಗುತ್ತೇನೆ ಎಂದು ಹೊರಟ. ಅಲ್ಲಿ ಬೈಬಲ್ ಒಂದೇ ಸಾಲಿನಲ್ಲಿ ಕಾರಣ ಹೇಳುತ್ತದೆ: ಯಾಕೆ ಹೀಗೆ ಮಾಡಿದೆ ಎಂದು ಅಪ್ಪ ಅವನನ್ನು ಒಂದು ದಿನವೂ ಕೇಳಿರಲಿಲ್ಲ. ಗದರಿಸದೆ ಬೆಳೆಸಿದರೆ ಏನಾಗುತ್ತದೆ ಎಂಬುದಕ್ಕೆ ಮಿದ್ರಾಶ್ (ಬೈಬಲಿಗೆ ರಬ್ಬಿಗಳು ಬರೆದ ಹಳೆಯ ವ್ಯಾಖ್ಯಾನ) ಇದೇ ಉದಾಹರಣೆ ಕೊಡುತ್ತದೆ. ಅದೇ ಪರಂಪರೆಯಲ್ಲಿ, ಎಡಗೈಯಲ್ಲಿ ದೂರ ತಳ್ಳು, ಬಲಗೈಯಲ್ಲಿ ಹತ್ತಿರ ಎಳೆದುಕೋ ಎಂಬ ಮಾತೂ ಇದೆ. ಶಕ್ತಿ ಜಾಸ್ತಿ ಇರುವುದು ಬಲಗೈಗೆ. ಬೆಳೆದ ಮಗನಿಗೆ ಹೊಡೆಯುವುದನ್ನಂತೂ ತಾಲ್ಮುದ್ ಬಲವಾಗಿ ಖಂಡಿಸುತ್ತದೆ. ಅವನು ತಿರುಗಿಬಿದ್ದರೆ ಆ ಪಾಪಕ್ಕೆ ದಾರಿ ಮಾಡಿದವನು ಅಪ್ಪನೇ. ಒಬ್ಬ ಮೇಷ್ಟ್ರಿಗೆ 25 ಮಕ್ಕಳು ಎಂಬ ಲೆಕ್ಕವೂ ತಾಲ್ಮುದ್‌ನಲ್ಲಿದೆ. ನಾನು ಪಾಠ ಮಾಡಿದ ತರಗತಿಗಳಲ್ಲಿ ಅಷ್ಟೇ ಮಕ್ಕಳಿದ್ದಿದ್ದರೆ ಇನ್ನೆಷ್ಟೋ ಮಕ್ಕಳ ಹತ್ತಿರ ಕೂರಬಹುದಿತ್ತು.

ಬೆಂಗಳೂರಿಂದ

ಮಗನಿಗೆ ಕಸುಬು ಕಲಿಸುವುದು ಅಪ್ಪನ ಕರ್ತವ್ಯ, ಈಜು ಕಲಿಸುವುದೂ ಸೇರುತ್ತದೆ ಎಂದು ಕೆಲವರು ಹೇಳಿದ್ದಾರೆ. ಇದೂ ತಾಲ್ಮುದ್‌ನದೇ. ನಿಮ್ಮ ಚಿಕ್ಕವನನ್ನು ಈಜಿಗೆ ಸೇರಿಸಿ ಮೇಡಂ.

ಕೇಳಿದ ತಾಯಿ

ಎಲ್ಲರಿಗೂ ತುಂಬ ಧನ್ಯವಾದ. ಈಜಿನ ಮಾತು ಚಿಕ್ಕವನಿಗೆ ಹೇಳಿದೆ, ಈಗಲೇ ಹೋಗೋಣ ಅಂತಿದ್ದಾನೆ. ಇನ್ನೊಂದೇ ಪ್ರಶ್ನೆ. ಫೋನಿನಲ್ಲಿ ಹೋಲಿಸಿ ಮಾತಾಡುವುದು ನಮ್ಮ ಮಾವನವರು. ಹಿರಿಯರು, ಮಕ್ಕಳ ಮೇಲೆ ಪ್ರಾಣ. ಅವರಿಗೆ ಹೇಗೆ ಹೇಳಲಿ?

ಹೈಫಾದಿಂದ ಒಬ್ಬ ತಂದೆ

ಅದಕ್ಕೂ ತಾಲ್ಮುದ್ ದಾರಿ ತೋರಿಸಿದೆ. ಅಪ್ಪ ಶಾಸ್ತ್ರ ಮೀರಿ ನಡೆಯುವುದನ್ನು ಮಗ ಕಂಡರೆ "ಅಪ್ಪಾ, ನೀವು ತಪ್ಪು ಮಾಡಿದಿರಿ" ಎನ್ನಬಾರದು. "ಅಪ್ಪಾ, ಶಾಸ್ತ್ರದಲ್ಲಿ ಹೀಗೆ ಬರೆದಿದೆ" ಎಂದಷ್ಟೇ ಹೇಳಬೇಕು. ಹಿರಿಯರ ಮುಖ ಬಾಡಬಾರದು ನೋಡಿ.

ನಿಮ್ಮ ಮಾವನವರಿಗೆ ಯೋಸೇಫನ ಕಥೆ ಹೇಳಿ. ಯಾಕೋಬ ಹನ್ನೆರಡು ಗಂಡುಮಕ್ಕಳಲ್ಲಿ ಯೋಸೇಫನಿಗೆ ಮಾತ್ರ ಚಂದದ ಅಂಗಿ ಹೊಲಿಸಿದ. ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ತಮ್ಮನನ್ನು ಮಾರಿಬಿಟ್ಟರು. ಇದನ್ನೇ ಹಿಡಿದು ತಾಲ್ಮುದ್ ಹೇಳುತ್ತದೆ: ಮಕ್ಕಳಲ್ಲಿ ಒಬ್ಬನನ್ನು ಬೇರೆ ಮಾಡಿ ನೋಡಬೇಡಿ, ಯೋಸೇಫನಿಗೆ ಜಾಸ್ತಿ ಕೊಟ್ಟ ಎರಡು ಸೆಲಾ (ಹಳೆಯ ಕಾಲದ ಒಂದು ಸಣ್ಣ ತೂಕ) ಉಣ್ಣೆಯಿಂದಾಗಿ ನಮ್ಮ ಹಿರಿಯರು ಈಜಿಪ್ಟಿಗೆ ಹೋಗಿ ಬೀಳುವಂತಾಯಿತು.

ನೀವು ಕಂಡ ಶುಕ್ರವಾರದ ಆಶೀರ್ವಾದದಲ್ಲಿ ಗಂಡುಮಕ್ಕಳಿಗೆ "ಎಫ್ರಾಯೀಮ್, ಮನಸ್ಸೆಯರ ಹಾಗೆ ಆಗು" ಎನ್ನುತ್ತಾರೆ. ಆ ಇಬ್ಬರು ಈ ಯೋಸೇಫನ ಮಕ್ಕಳೇ. ದೊಡ್ಡವನಿಗೆ ಸಲ್ಲಬೇಕಾದ ಬಲಗೈಯನ್ನು ಅಜ್ಜ ಯಾಕೋಬ ಚಿಕ್ಕವನ ತಲೆ ಮೇಲೆ ಇಟ್ಟ, ಆದರೂ ಅಣ್ಣ ತಮ್ಮ ಜಗಳವಾಡಲಿಲ್ಲ. ಅದಕ್ಕೇ ಅವರ ಹೆಸರು ಎಂದು ಅನೇಕ ರಬ್ಬಿಗಳು ಕಾರಣ ಕೊಡುತ್ತಾರೆ. ನನ್ನ ಅಪ್ಪನಿಗೆ ನಾನು ಈ ಕಥೆಯನ್ನು ಫೋನಿನಲ್ಲೇ ಹೇಳಿದ್ದೆ. ಅವರು ಏನೂ ಅನ್ನಲಿಲ್ಲ. ಮುಂದಿನ ವಾರ ಮಗಳನ್ನು ಕರೆದು, ಎಷ್ಟು ಮೆಟ್ಟಿಲು ಹತ್ತಿದೆ ಹೇಳು ಎಂದು ಕೇಳಿದರು.