ಸಹಾಯ ಬೇಕು: ಕುದುರೆ ಪಡೆಯ ಹಳೆ ಕೋಲ್ಟ್ ರಿವಾಲ್ವರ್ ಬಗ್ಗೆ ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆ ಅಜ್ಜಿ ತಮ್ಮ ಮನೆತನದ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರ್ ಮಾರಬೇಕು ಅಂತಿದ್ದಾರೆ. ಅವರ ಮುತ್ತಜ್ಜ ಕುದುರೆ ಪಡೆಯಲ್ಲಿದ್ದರಂತೆ. ಅಂಗಡಿಯವನೊಬ್ಬ ಸರಿಯಾಗಿ ನೋಡದೇ ತೀರಾ ಕಮ್ಮಿ ಬೆಲೆ ಹೇಳಿದ. ನನಗೆ ಬೇಜಾರಾಯಿತು, ಅವರಿಗೆ ಮೋಸ ಆಗಬಾರದು.

ಫ್ರೇಮಿನ (ರಿವಾಲ್ವರ್‌ನ ಮುಖ್ಯ ಚೌಕಟ್ಟು) ಎಡಗಡೆ ಯು.ಎಸ್. ಅಂತ ಒತ್ತಿದೆ, ಅದು ಸರ್ಕಾರಿ ಸೊತ್ತಿನ ಗುರುತು. ನಳಿಗೆ ಏಳೂವರೆ ಇಂಚು, 1873ರಲ್ಲಿ ಸೈನ್ಯ ಒಪ್ಪಿಕೊಂಡ .45 ಕ್ಯಾಲಿಬರ್ ಮಾದರಿಯ ಅಳತೆ ಅದೇ. 1890ರ ದಶಕದಲ್ಲಿ ಸೈನ್ಯದವರು ಇಂಥ ಎಷ್ಟೋ ರಿವಾಲ್ವರ್‌ಗಳನ್ನು ವಾಪಸ್ ತರಿಸಿ, ನಳಿಗೆಯನ್ನು ಐದೂವರೆ ಇಂಚಿಗೆ ಕತ್ತರಿಸಿ, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿಬಿಟ್ಟರು. ಇದು ಕತ್ತರಿಗೆ ಸಿಕ್ಕದೆ ಉಳಿದಿರೋದೇ ದೊಡ್ಡ ವಿಷಯ ಅಲ್ವಾ? ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಹಿಂದಿನ ಪಟ್ಟಿ ಮೂರರಲ್ಲೂ ಒಂದೇ ನಂಬರ್ ಇದೆ, ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ಮೇಲೆ ಮಾತ್ರ ಬೇರೆ. ಮರದ ಹಿಡಿ ಮೇಲಿನ ಸೈನ್ಯದ ತಪಾಸಣೆ ಮುದ್ರೆ ಅರ್ಧ ಸವೆದಿದೆ, ಓರೆ ಬೆಳಕಲ್ಲಿ ಹಿಡಿದರೆ ಅಂಚು ಕಾಣುತ್ತದೆ.

ಸಿಲಿಂಡರ್ ಬದಲಾಗಿದ್ದರೆ ಬೆಲೆ ಎಷ್ಟು ಇಳಿಯುತ್ತದೆ? ಕೋಲ್ಟ್ ಕಂಪನಿಯಿಂದ ಹಳೆ ದಾಖಲೆಯ ಪತ್ರ (ರಿವಾಲ್ವರ್ ಯಾವಾಗ, ಎಲ್ಲಿಗೆ ಹೋಯಿತು ಅಂತ ತಿಳಿಸುವುದು) ತರಿಸಿದವರು ಯಾರಾದರೂ ಇದ್ದೀರಾ, ಎಷ್ಟು ದಿನ ಹಿಡಿಯಿತು? ದಯವಿಟ್ಟು ಉಜ್ಜಿ ಪಾಲಿಶ್ ಮಾಡಿಸಿ ಅಂತ ಮಾತ್ರ ಹೇಳಬೇಡಿ, ಹಳೆ ಬಣ್ಣ ಹೋದರೆ ಬೆಲೆಯೂ ಹೋಗುತ್ತೆ. ನಂಬಿಕಸ್ತ ಪರಿಣತರು ಗೊತ್ತಿದ್ದರೆ ಮೆಸೇಜ್ ಮಾಡಿ, ಫೋಟೋ ಕಳಿಸುತ್ತೇನೆ.