ಹಿತ್ತಲಿನಲ್ಲಿ ಸಿಕ್ಕ ನೆಲಗುಂಡಿ: ಇದು ಬಂಕರೋ, ಹಗೇವೋ?

ಹಿತ್ತಲಮನಿ (ವಿಜಯಪುರ ಜಿಲ್ಲೆ):

ಬಸವನ ಬಾಗೇವಾಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿರುವ ಹಳೆಯ ಮಾಳಿಗೆ ಮನೆಯ ಹಿತ್ತಲಿನಲ್ಲಿ ಶೌಚಾಲಯದ ಗುಂಡಿ ತೋಡಿಸುತ್ತಿದ್ದಾಗ, ಜೆಸಿಬಿಯ ಹಲ್ಲಿಗೆ ಒಂದು ದಪ್ಪ ಹಾಸುಗಲ್ಲು ತಗುಲಿತು. ಅದನ್ನು ಸರಿಸಿದರೆ ಎರಡು ಅಡಿ ಅಗಲದ ದುಂಡನೆಯ ಬಾಯಿ ಕಾಣಿಸಿತು. ಬಾಯಿಯ ಕೆಳಗೆ ಮೂರು ಅಡಿಯಷ್ಟು ಇಕ್ಕಟ್ಟಾದ ಕತ್ತು, ಅದರ ಕೆಳಗೆ ಹೂಜಿಯ ಹೊಟ್ಟೆಯಂತೆ ಅಗಲವಾಗುವ ಕೋಣೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದಾಗ ಕತ್ತಿನ ಕೆಳಗಿನ ಆಳ 10 ಅಡಿ ಇತ್ತು. ಬ್ಯಾಟರಿ ಬೆಳಕಿನಲ್ಲಿ ಅಂದಾಜು ಮಾಡಿದ ಅಗಲ 8 ಅಡಿ. ಮೆಟ್ಟಿಲಿಲ್ಲ, ಗಾಳಿಗಿಂಡಿಯಿಲ್ಲ. ಗೋಡೆಗೆ ಕರ್ರಗಿನ ಹೊಟ್ಟಿನಂಥದ್ದು ಅಂಟಿಕೊಂಡಿದೆ, ಮುಗ್ಗಿದ ಮೇವಿನ ವಾಸನೆ ಬರುತ್ತಿದೆ.

ಅಮೆರಿಕದ ಮನೆಗಳ ಹಿತ್ತಲಿನಲ್ಲಿ ಅಣುಬಾಂಬಿನ ಭಯಕ್ಕೆ ಕಟ್ಟಿಸಿದ ನೆಲಮಾಳಿಗೆಗಳು ಸಿಗುವ ವಿಡಿಯೊಗಳನ್ನು ನೋಡಿರುವ ನನ್ನ ಅಣ್ಣನ ಮಗ ಇದೂ ಅಂಥದ್ದೇ ಎಂದು ಸಾಧಿಸುತ್ತಿದ್ದಾನೆ. ಓಣಿಯವರಿಗಂತೂ ಇದು ನಿಧಿಯೇ ಸರಿ. ನಿನ್ನೆಯಿಂದ ಚಹಾ ಮಾಡಿ ಮಾಡಿ ಮನೆಯವರಿಗೆ ಸಾಕಾಗಿದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ನೋಡಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ಹೇಳಬೇಕು.

ರಾಶಿಕಣ (ಬಾಗಲಕೋಟೆ):

ಇಳಿಯಬೇಡಿ. ಉಳಿದ ಮಾತು ಆಮೇಲೆ.

ನೀವು ವರ್ಣಿಸಿರುವುದು ನಮ್ಮ ಕಡೆಯ ಜೋಳದ ಹಗೇವು. ನಮ್ಮ ಮನೆಯಲ್ಲಿಯೂ ಒಂದಿತ್ತು, ನಾನು ಹುಡುಗನಾಗಿದ್ದಾಗ ಅದನ್ನು ತುಂಬುವುದನ್ನೂ ತೆಗೆಯುವುದನ್ನೂ ಕಂಡಿದ್ದೇನೆ. ಸುಗ್ಗಿ ಮುಗಿದ ಮೇಲೆ ಗುಂಡಿಯ ತಳಕ್ಕೂ ಸುತ್ತಲ ಗೋಡೆಗೂ ಹೊಟ್ಟು ಮತ್ತು ಕಣಿಕೆಯನ್ನು ಒತ್ತಾಗಿ ಕೊಟ್ಟು, ಚೆನ್ನಾಗಿ ಒಣಗಿದ ಜೋಳವನ್ನು ಕತ್ತಿನವರೆಗೆ ಸುರಿದು, ಮೇಲೆ ಮತ್ತೆ ಹೊಟ್ಟು ಹಾಕಿ, ಹಾಸುಗಲ್ಲು ಮುಚ್ಚಿ ಕೆಸರು ಮೆತ್ತಿಬಿಡುತ್ತಿದ್ದರು. ನಿಮ್ಮ ಗೋಡೆಗೆ ಅಂಟಿರುವ ಕಪ್ಪು ಪದರ ಆ ಹೊಟ್ಟೇ ಇರಬೇಕು. ನೀವು ಕೊಟ್ಟ ಅಳತೆಯ ಪ್ರಕಾರ ಒಳಗೆ ಸುಮಾರು 14 ಘನ ಮೀಟರ್ ಜಾಗವಿದೆ, ಅಂದರೆ ಕ್ವಿಂಟಲ್ ತೂಕದ 100 ಚೀಲ ಜೋಳ. ಹಿಂದಿನ ವರ್ಷದ ಬೆಳೆಯನ್ನೇ ಮುಂದಿನ ಬರಗಾಲಕ್ಕೆ ಕಾಯ್ದಿಡುತ್ತಿದ್ದ ಸೀಮೆಯಲ್ಲಿ ಅದು ಚಿಕ್ಕ ಮನೆತನದ ಹಗೇವಲ್ಲ.

ಈಗ ಗಾಳಿಯ ಮಾತು. ಬಾಯಿ ಮುಚ್ಚಿದ ಮೇಲೆ ಕಾಳು, ಹುಳ, ಬೂಸ್ಟು ಎಲ್ಲವೂ ಒಳಗಿನ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆಮ್ಲಜನಕ ತೀರಿದಾಗ ಹುಳ ಸಾಯುತ್ತದೆ, ಜೋಳ ಉಳಿಯುತ್ತದೆ; ಹಗೇವಿನ ಜಾಣ್ಮೆಯೇ ಅದು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ, ಬಾಯಿ ತೆರೆದಿದ್ದರೂ ತಳದಲ್ಲಿ ನೀರಿನಂತೆ ನಿಂತಿರುತ್ತದೆ. ಬರಿದಾದ ಹಗೇವಿನಲ್ಲಿ ಕೊಳೆಯುವ ಹೊಟ್ಟೂ ಅದೇ ಕೆಲಸ ಮಾಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಾಲ್ಕು ಉಸಿರಿನಲ್ಲಿ ಮನುಷ್ಯ ಕುಸಿಯಬಹುದು. ಅವನನ್ನು ಎತ್ತಲೆಂದು ಇಳಿದವನೂ ಅಲ್ಲಿಯೇ ಬೀಳುತ್ತಾನೆ. ಹಿರಿಯರು ಬಾಯಿ ತೆಗೆದು ಒಂದು ದಿನ ಬಿಟ್ಟು, ಕಂದೀಲು ಇಳಿಸಿ ನೋಡುತ್ತಿದ್ದರು. ಕಂದೀಲು ಆರಿದರೆ ಇಳಿಯಬಾರದೆಂಬುದು ಖಚಿತ, ಆದರೆ ಆರಲಿಲ್ಲವೆಂದ ಮಾತ್ರಕ್ಕೆ ಇಳಿಯಬಹುದೆಂದಲ್ಲ.

ಕೋಟೆಬಾಗಿಲು (ಬೆಳಗಾವಿ):

ನಿಮ್ಮ ಅಣ್ಣನ ಮಗನ ಅನುಮಾನವನ್ನು ನಗೆಯಾಡಿ ತಳ್ಳಬೇಕಿಲ್ಲ, ಏಕೆಂದರೆ ಹೋಲಿಕೆ ಮೇಲ್ನೋಟಕ್ಕೆ ಇದ್ದೇ ಇದೆ. 1961ರಲ್ಲಿ ಅಧ್ಯಕ್ಷ ಕೆನಡಿ ಅವರು ಕರೆ ಕೊಟ್ಟ ಮೇಲೆ ಅಮೆರಿಕದಲ್ಲಿ ಅನೇಕ ಕುಟುಂಬಗಳು ಹಿತ್ತಲಿನಲ್ಲಿ ಇಂಥ ಆಸರೆಗಳನ್ನು ಕಟ್ಟಿಸಿಕೊಂಡವು, 1962ರ ಕ್ಯೂಬಾ ಬಿಕ್ಕಟ್ಟು ಆ ಭಯವನ್ನು ಇನ್ನಷ್ಟು ಹೆಚ್ಚಿಸಿತು. ಅವು ಬಾಂಬಿನ ಹೊಡೆತ ತಡೆಯಲು ಕಟ್ಟಿದವಲ್ಲ, ಸ್ಫೋಟದ ಬಳಿಕ ಆಕಾಶದಿಂದ ಉದುರುವ ವಿಕಿರಣದ ಧೂಳಿನಿಂದ ಕಾಪಾಡಲು ಕಟ್ಟಿದವು. ಮೂರು ಅಡಿ ಗಟ್ಟಿ ಮಣ್ಣು ಗಾಮಾ ಕಿರಣಗಳನ್ನು ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಸುತ್ತದೆ. ಸ್ಫೋಟದ ಬಳಿಕ ಕಳೆದ ಕಾಲ ಏಳು ಪಟ್ಟಾದಂತೆ ವಿಕಿರಣ ಹತ್ತರಲ್ಲೊಂದು ಪಾಲಾಗುತ್ತದೆಂಬುದು ಅವರ ಅಂದಾಜಿನ ಲೆಕ್ಕ. ಹಾಗಾಗಿ ಎರಡು ವಾರಕ್ಕೆ ಸಾಕಾಗುವಷ್ಟು ನೀರು, ಡಬ್ಬಿಯ ಆಹಾರ ಕೂಡಿಸಿಡುತ್ತಿದ್ದರು.

ಆದರೆ ಮನುಷ್ಯರು ಎರಡು ವಾರ ಕೂರಬೇಕೆಂದರೆ ಗಾಳಿ ಬೇಕು. ಅಲ್ಲಿ ಗಾಳಿಯ ಕೊಳವೆ, ಕೈಯಿಂದ ತಿರುಗಿಸುವ ಪಂಪು ಇರುತ್ತಿದ್ದವು. ಕಿರಣಗಳು ನೇರವಾಗಿ ಸಾಗುವುದರಿಂದ ಬಾಗಿಲ ದಾರಿಯನ್ನು ಲಂಬಕೋನದಲ್ಲಿ ತಿರುಗಿಸುತ್ತಿದ್ದರು. ನಿಮ್ಮಲ್ಲಿ ಬಾಯಿ ನೆಟ್ಟಗೆ ಕೆಳಗಿಳಿದಿದೆ, ಗಾಳಿಗೆ ದಾರಿಯೇ ಇಲ್ಲ. ಒಂದು ಗಾಳಿ ಬರಲೆಂದು ಕಟ್ಟಿದ್ದು, ಇನ್ನೊಂದು ಗಾಳಿ ಬಾರದಿರಲೆಂದು ತೋಡಿದ್ದು. ಯುದ್ಧಕಾಲದಲ್ಲಿ ನಮ್ಮ ದೇಶದಲ್ಲಿ ತೋಡುತ್ತಿದ್ದ ವಿಮಾನದಾಳಿಯ ಕಂದಕಗಳೂ ಅಂಕುಡೊಂಕಾಗಿ ತೋಡಿದ ಉದ್ದನೆಯ ತಗ್ಗುಗಳು, ಹೂಜಿಯಾಕಾರದವಲ್ಲ.

ಗರಸುಮಣ್ಣು (ವಿಜಯಪುರ):

ಕಟ್ಟಡದ ಕೆಲಸ ಮಾಡಿಸುವವನಾಗಿ ಎರಡು ಮಾತು. ವಿಜಯಪುರ ನಗರದಲ್ಲಿ ಇಂಥ ಬಾಯಿ ಸಿಕ್ಕಿದ್ದರೆ ನಾನು ಮೊದಲು ತೊರವಿ ಕಡೆಯಿಂದ ನೀರು ತರುತ್ತಿದ್ದ ಆದಿಲ್‌ಶಾಹಿ ಕಾಲದ ಸುರಂಗವನ್ನು ನೆನೆಯುತ್ತಿದ್ದೆ. ಆದರೆ ನೀರಿನ ಕಟ್ಟಡವಾದರೆ ಗಚ್ಚಿನ ಗಿಲಾವೋ ಮಣ್ಣಿನ ಕೊಳವೆಯೋ ಕಾಣಬೇಕು. ನಿಮ್ಮಲ್ಲಿ ಎರಡೂ ಇಲ್ಲ.

ಮಳೆನೀರು ತುಂಬಿಸಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೀರು ಕುಡಿದರೆ ಮಣ್ಣಿನ ಗೋಡೆ ಕುಸಿಯುತ್ತದೆ, ಅದರ ಬೆನ್ನಿಗೆ ಮನೆಯ ಬುನಾದಿ ಹೋಗುತ್ತದೆ. ತುಂಬಿಸುವಾಗ ಎರೆಮಣ್ಣು ಬೇಡ, ಅದು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಗರಸನ್ನು ಮೇಲಿನಿಂದಲೇ ಸುರಿದು ನೀರು ಹೊಡೆದು ಕೂರಿಸಬೇಕು. ಕತ್ತಿನ ಮಟ್ಟಕ್ಕೆ ಬಂದಮೇಲೆ ಅರ್ಧ ಅಡಿಗೊಮ್ಮೆ ದಿಮ್ಮಸು ಹೊಡೆಸಿರಿ. ಮಳೆಗಾಲವೊಂದು ಕಳೆಯುವವರೆಗೆ ಅದರ ಮೇಲೆ ಏನನ್ನೂ ಕಟ್ಟಬೇಡಿ, ಶೌಚಾಲಯದ ಗುಂಡಿಯನ್ನು ಹಿತ್ತಲಿನ ಇನ್ನೊಂದು ಮೂಲೆಗೆ ಒಯ್ಯಿರಿ. ನಾಣ್ಯವೋ ಬಂಗಾರವೋ ಕಂಡರೆ ಮಾತ್ರ ಕೈಹಾಕದೆ ಜಿಲ್ಲಾಡಳಿತಕ್ಕೆ ತಿಳಿಸಬೇಕು, ಅದು ಕಾಯ್ದೆ.

ಹಿತ್ತಲಮನಿ:

ಎಲ್ಲರಿಗೂ ನಮಸ್ಕಾರ. ಯಾರೂ ಇಳಿಯಲಿಲ್ಲ. ನಿನ್ನೆ ಸಂಜೆ ಕಂದೀಲು ಇಳಿಸಿದೆವು; ಕತ್ತು ದಾಟಿ ಇನ್ನೂ ಆಳುದ್ದ ಇಳಿದಿರಲಿಲ್ಲ, ಜ್ವಾಲೆ ಚಿಕ್ಕದಾಗಿ, ನೀಲಿಯಾಗಿ, ಆರಿಹೋಯಿತು. ಬಾಯಿ ತೆರೆದು ಎರಡು ದಿನವಾದ ಮೇಲಿನ ಮಾತಿದು. ಅಣ್ಣನ ಮಗ ಆ ಕಂದೀಲನ್ನು ಮೇಲೆಳೆದುಕೊಂಡು ಬಹಳ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದ.

ಬಳಿಕ ಬಾವಿಯ ಪಾತಾಳಗರಡಿಯನ್ನು ಬಿಟ್ಟು ತಳವನ್ನು ಕೆದಕಿದಾಗ ಹೊಟ್ಟಿನ ಒಂದು ಹೆಂಟೆ ಸಿಕ್ಕಿತು. ಅದರಲ್ಲಿ ಇದ್ದಿಲಿನಂತೆ ಕಪ್ಪಾದ ಹತ್ತಿಪ್ಪತ್ತು ಕಾಳುಗಳಿದ್ದವು. ಎಂಬತ್ತು ದಾಟಿದ ನಮ್ಮ ಸೋದರತ್ತೆ ಅದನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿ, ಇದು ಹಗೇವಿನ ಅಂಚಿನ ಜೋಳ, ಇಂಥದ್ದನ್ನು ದನಕ್ಕೆ ಹಾಕುತ್ತಿದ್ದೆವು ಎಂದರು. ಹಿತ್ತಲಿನಲ್ಲಿ ಹಗೇವಿದ್ದುದು ಅವರಿಗೆ ಗೊತ್ತಿತ್ತಂತೆ. ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲವಂತೆ.

ಸದ್ಯ ಬಾಯಿಗೆ ಹಾಸುಗಲ್ಲು ಮುಚ್ಚಿ ಸುತ್ತಲೂ ಮುಳ್ಳು ಹಾಕಿಸಿದ್ದೇನೆ. ಗರಸಿನ ಟ್ರ್ಯಾಕ್ಟರು ಸೋಮವಾರ ಬರುತ್ತದೆ.