ಹೀಲಾ ಚೆನ್ನಾಗಿದೆ, ಎಂಸಿಎಫ್-7 ಮಾತ್ರ ಬೆಳೆಯುತ್ತಿಲ್ಲ, ಯಾಕೆ?

ಫ್ಲಾಸ್ಕ್‌ರಾಣಿ:
ಪಿಎಚ್‌ಡಿ ಎರಡನೇ ವರ್ಷ ನನ್ನದು. ನಮ್ಮ ಎಂಸಿಎಫ್-7 (ಸ್ತನ ಕ್ಯಾನ್ಸರ್ ಕೋಶಗಳು) ಮೊದಲು ಐದಾರು ದಿನಕ್ಕೆ ಫ್ಲಾಸ್ಕ್ ತುಂಬುತ್ತಿದ್ದವು, ಈಗ ವಾರ ಕಳೆದರೂ ಅಲ್ಲೊಂದು ಗುಂಪು ಇಲ್ಲೊಂದು ಗುಂಪು ಅಷ್ಟೇ. ಅದೇ ಇನ್‌ಕ್ಯುಬೇಟರ್‌ನಲ್ಲಿ, ಅದೇ ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) ಹೀಲಾ (ಗರ್ಭಕಂಠದ ಕ್ಯಾನ್ಸರ್ ಕೋಶಗಳು) ಆರಾಮಾಗಿದೆ. 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್, 10% ಸೀರಂ (ರಕ್ತದ ತಿಳಿ ಭಾಗ), ಎಲ್ಲ ಮಾಮೂಲು. ಹೊಸ ಮೀಡಿಯಂಗೆ ಆ ಗುಲಾಬಿ ಬಣ್ಣ ಇಲ್ಲ, ನೀರಿನ ಹಾಗಿದೆ. ಸೀನಿಯರ್ "ಸುಮ್ನೆ ಬಿಸಾಡು" ಅನ್ನುತ್ತಾರೆ.

ಟ್ರಿಪ್ಸಿನ್ ತಿಮ್ಮ:
ಎಷ್ಟು ಕೋಶ ಹಾಕಿದಿರಿ? ತೀರಾ ತೆಳ್ಳಗೆ ಹಾಕಿದರೆ ಇವು ಮೇಲೇಳುವುದಿಲ್ಲ. ಕೋಶ ಬಿಡಿಸುವ ಕಿಣ್ವ ಟ್ರಿಪ್ಸಿನ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟರೂ ಅಷ್ಟೇ. ಮೀಡಿಯಂ ಹಳೆಯದಾದರೆ ಅದರಲ್ಲಿರುವ ಗ್ಲುಟಮಿನ್ ಅನ್ನುವ ಪೋಷಕಾಂಶ ಫ್ರಿಜ್‌ನಲ್ಲೇ ಒಡೆದುಹೋಗುತ್ತದೆ, ಆದರೆ ನಿಮ್ಮದು ಹೊಸದು.

ಮಂಡ್ಯ ಮೈಕ್ರೋಸ್ಕೋಪ್:
ಬಣ್ಣ ಇಲ್ಲ ಅನ್ನುವುದೇ ಸುಳಿವು. ಆ ಗುಲಾಬಿ ಫೀನಾಲ್ ರೆಡ್. ಪಿಎಚ್ ತೋರಿಸಲಿ ಅಂತ ಹಾಕುತ್ತಾರೆ, ಆದರೆ ಅದು ಸ್ವಲ್ಪ ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ಥರಾನೂ ಕೆಲಸ ಮಾಡುತ್ತದೆ ಅಂತ 1986ರಲ್ಲೇ ಗೊತ್ತಾಯಿತು, ಆಮೇಲೆ ಬಣ್ಣದಲ್ಲಿದ್ದ ಕಲ್ಮಶದ ಕೆಲಸ ಅದು ಅಂದರು. ಎಂಸಿಎಫ್-7 ಬೆಳೆಯುವುದೇ ಈಸ್ಟ್ರೋಜನ್ ನೆಚ್ಚಿಕೊಂಡು. ಹೀಲಾಗೆ ಆ ಗೊಡವೆ ಇಲ್ಲ, 1951ರಲ್ಲಿ ಲ್ಯಾಬಿಗೆ ಬಂದಾಗಿನಿಂದಲೂ ಅದು ಬೆಳೆಯಲು ನೆಪ ಹುಡುಕಿದ್ದೇ ಇಲ್ಲ. ಆದರೆ ಬಣ್ಣ ತೆಗೆದದ್ದೊಂದೇ ಸಾಲದು, ಮಾಮೂಲಿ ಸೀರಂನಲ್ಲೂ ಹಾರ್ಮೋನ್ ಇರುತ್ತದಲ್ವಾ? ಸೀರಂ ಬಾಟಲಿಯ ಲೇಬಲ್ ಓದಿ. ಈಸ್ಟ್ರೋಜನ್ ತಡೆಯುವ ಔಷಧಿ ಟ್ಯಾಮಾಕ್ಸಿಫೆನ್ ಪ್ರಯೋಗ ಮಾಡುವವರು ಚಾರ್ಕೋಲ್‌ನಿಂದ ಹಾರ್ಮೋನ್ ತೆಗೆದ ಸೀರಂ ತರಿಸುತ್ತಾರೆ.

ಫ್ಲಾಸ್ಕ್‌ರಾಣಿ:
ಅಯ್ಯೋ ಮೇಡಂ, ಚಾರ್ಕೋಲ್ ಅಂತಲೇ ಇದೆ! ಪಕ್ಕದ ಬೆಂಚಿನವರು ತರಿಸಿದ್ದು.

ಮಂಡ್ಯ ಮೈಕ್ರೋಸ್ಕೋಪ್:
ಹಾಗಾದರೆ ಒಂದು ಪ್ಲೇಟ್‌ಗೆ 1 ನ್ಯಾನೋಮೋಲಾರ್ ಎಸ್ಟ್ರಾಡಿಯಾಲ್ (ಒಂದು ಬಗೆಯ ಈಸ್ಟ್ರೋಜನ್) ಹಾಕಿ, ಇನ್ನೊಂದಕ್ಕೆ ಅದನ್ನು ಕರಗಿಸಿದ ಎಥನಾಲ್ ಅಷ್ಟೇ ಹಾಕಿ. ಮೊದಲನೆಯದು ಚಿಗುರಿಕೊಂಡರೆ ಉತ್ತರ ಸಿಕ್ಕಿತು. ದಿನನಿತ್ಯಕ್ಕೆ ಮಾಮೂಲಿ ಸೀರಂಗೇ ವಾಪಸ್ ಹೋಗಿ.

ಅನುಮಾನದ ಅಣ್ಣ:
ಅದೆಲ್ಲ ಸರಿ, ಮೈಕೊಪ್ಲಾಸ್ಮಾ (ತೀರಾ ಚಿಕ್ಕ ಬ್ಯಾಕ್ಟೀರಿಯಾ) ಪರೀಕ್ಷೆ ಬಿಡಬೇಡಿ ತಂಗಿ. ಬೇರೆ ಬ್ಯಾಕ್ಟೀರಿಯಾ ಬಂದರೆ ಮೀಡಿಯಂ ಕದಡುತ್ತದೆ, ಇದು ಬಂದರೆ ತಿಳಿಯಾಗಿಯೇ ಇರುತ್ತದೆ. ಕೋಶಗೋಡೆಯೇ ಇಲ್ಲದ್ದಕ್ಕೆ ಪೆನಿಸಿಲಿನ್ ನಾಟುವುದಿಲ್ಲ, 0.22 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳುತ್ತದೆ. ಹೀಲಾ ಬೆಳೆಯುತ್ತಿದೆ ಅನ್ನುವುದು ಸಾಕ್ಷಿಯಲ್ಲ, ಸೋಂಕು ಹೊತ್ತುಕೊಂಡೇ ಅದು ಬೆಳೆದೀತು. ಒಂದೆರಡು ದಿನ ಕೋಶಗಳ ಮೇಲಿದ್ದ ಮೀಡಿಯಂ ತೆಗೆದು ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿಸಿ. ಇನ್ನೊಂದು, ಹೀಲಾಗೂ ಇದಕ್ಕೂ ಒಂದೇ ಬಾಟಲಿ ಬಳಸುವುದನ್ನು ಇವತ್ತೇ ನಿಲ್ಲಿಸಿ. ಒಂದು ಹನಿ ಹೀಲಾ ಆ ಕಡೆ ಬಿದ್ದರೆ ಸಾಕು, ಕೆಲವು ವಾರಗಳಲ್ಲಿ ಫ್ಲಾಸ್ಕೆಲ್ಲ ಅದರದ್ದೇ ಆಗಿರುತ್ತದೆ, ಹೊರಗಿನ ಚೀಟಿ ಮಾತ್ರ ಎಂಸಿಎಫ್-7.